ಮನೆಯಲ್ಲೇ ಯೋಗದ ಎರಡನೇ ಹಂತ: ಯೂಟ್ಯೂಬಾ, ಆ್ಯಪಾ, ಲೈವ್ ಕ್ಲಾಸಾ?

ಇತ್ತೀಚೆಗೆ ಒಂದೇ ಪ್ರಶ್ನೆ ಮೂರು ಊರುಗಳಿಂದ ಬಂದಿದೆ. ಡೊಂಬಿವಲಿಯ ಓದುಗರೊಬ್ಬರು ಹೇಳಿದ್ದು ಹೀಗೆ: “ಸೂರ್ಯನಮಸ್ಕಾರ, ತ್ರಿಕೋನಾಸನ, ಭುಜಂಗಾಸನ ಎಲ್ಲ ಬರುತ್ತೆ ಮೇಡಂ. ಮುಂದಕ್ಕೆ ಹೋಗಬೇಕು. ಆದರೆ ವಿಡಿಯೊ ಹುಡುಕೋದ್ರಲ್ಲೇ ಅರ್ಧ ಗಂಟೆ ಹೋಗಿಬಿಡುತ್ತೆ.” ಪುಣೆಯ ಹಿಂಜವಡಿಯ ಪಿಜಿಯಲ್ಲಿರುವ ಧಾರವಾಡದ ಹುಡುಗನಿಗೆ ಆ್ಯಪ್‌ಗೆ ದುಡ್ಡು ಕೊಡಬೇಕಾ ಬೇಡವಾ ಎಂಬ ಯೋಚನೆ. ವಾಸ್ಕೊದ ಅಕ್ಕ ಒಬ್ಬರಿಗೆ ಐವತ್ತು ದಾಟಿದೆ, ಮಂಡಿ ಆಗಾಗ ನೋಯುತ್ತದೆ. ಝೂಮ್‌ನಲ್ಲಿ ಕಲಿಸುವವರನ್ನು ನಂಬಬಹುದಾ ಎಂದು ಕೇಳಿದ್ದಾರೆ.

ಮೂವರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಆದರೆ ಆಯ್ಕೆ ಮಾಡುವಾಗ ನೋಡಬೇಕಾದ ಸಂಗತಿಗಳು ಮೂವರಿಗೂ ಹೆಚ್ಚುಕಡಿಮೆ ಒಂದೇ. ಮೊದಲು ಅವನ್ನು ಹೇಳಿ, ಆಮೇಲೆ ಒಂದೊಂದೇ ಆಯ್ಕೆಗೆ ಬರುತ್ತೇನೆ.

ಲೇಬಲ್ ನೋಡಿ ಮೋಸಹೋಗಬೇಡಿ

ವಿಡಿಯೊದ ಮೇಲೆ ‘ಇಂಟರ್‌ಮೀಡಿಯೆಟ್’ ಎಂದು ಯಾರು ಬೇಕಾದರೂ ಬರೆಯಬಹುದು. ಅದಕ್ಕೆ ಅಳತೆ ಅಂತ ಏನೂ ಇಲ್ಲ. ಹಾಗಾಗಿ ನಿಮ್ಮ ಹಂತವನ್ನು ನೀವೇ ನೋಡಿಕೊಳ್ಳಿ. ಮೂಗಿನಲ್ಲೇ ಉಸಿರಾಡುತ್ತ 12 ಸೂರ್ಯನಮಸ್ಕಾರ ಏದುಸಿರಿಲ್ಲದೆ ಆಗುತ್ತದೆಯೇ? ಚತುರಂಗ ದಂಡಾಸನದಲ್ಲಿ ಧೊಪ್ಪನೆ ಬೀಳದೆ, ಮೊಣಕೈಯನ್ನು ಪಕ್ಕೆಯ ಹತ್ತಿರವೇ ಇಟ್ಟುಕೊಂಡು ಇಳಿಯಲು ಬರುತ್ತದೆಯೇ? ಅಧೋಮುಖ ಶ್ವಾನಾಸನದಲ್ಲಿ ಒಂದು ನಿಮಿಷ ನಿಂತರೂ ಉಸಿರು ಸಮವಾಗಿ ಇರುತ್ತದೆಯೇ? ಮುಖ್ಯವಾಗಿ, ಇಪ್ಪತ್ತು ಇಪ್ಪತ್ತೈದು ಆಸನಗಳ ಹೆಸರು ಕೇಳಿದ ಕೂಡಲೇ ಚಿತ್ರ ನೋಡದೆ ಮಾಡಲು ಬರುತ್ತದೆಯೇ? ಇಷ್ಟಕ್ಕೂ ‘ಹೂಂ’ ಅಂತಾದರೆ ನೀವು ಎರಡನೇ ಹಂತಕ್ಕೆ ಸಿದ್ಧ. ಒಂದೆರಡಕ್ಕೆ ‘ಉಹೂಂ’ ಬಂದರೆ ಇನ್ನೂ ಎರಡು ತಿಂಗಳು ಈಗಿನ ವಿಡಿಯೊದಲ್ಲೇ ಇರಿ. ದುಡ್ಡೂ ಉಳಿಯುತ್ತದೆ, ಭುಜವೂ ಉಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ‘ಅಷ್ಟಾಂಗ ಇಂಟರ್‌ಮೀಡಿಯೆಟ್’ ಎಂದು ಹುಡುಕಿದರೆ ಬರುವುದು ಬೇರೆಯೇ ವಸ್ತು. ಮೈಸೂರಿನ ಪಟ್ಟಾಭಿ ಜೋಯಿಸರ ಪದ್ಧತಿಯಲ್ಲಿ ಮೊದಲ ಸರಣಿಗೆ ಯೋಗ ಚಿಕಿತ್ಸಾ ಎಂದೂ, ಎರಡನೆಯದಕ್ಕೆ ನಾಡಿ ಶೋಧನ ಎಂದೂ ಹೆಸರು. ಈ ಎರಡನೆಯದನ್ನೇ ಅಲ್ಲಿ ಇಂಟರ್‌ಮೀಡಿಯೆಟ್ ಅನ್ನುವುದು. ಅದು ಪಾಶಾಸನದಿಂದ ಶುರುವಾಗಿ ಕಪೋತಾಸನ, ಕಾಲನ್ನು ತಲೆಯ ಹಿಂದೆ ಹಾಕುವ ಆಸನಗಳು, ಕೊನೆಗೆ ಏಳು ಬಗೆಯ ಶೀರ್ಷಾಸನದವರೆಗೂ ಹೋಗುತ್ತದೆ. ಮೊದಲ ಸರಣಿಯಲ್ಲೇ ವರ್ಷಗಟ್ಟಲೆ ಇರುವವರಿದ್ದಾರೆ. ನಮ್ಮ ನಿಮ್ಮ ಅರ್ಥದ ‘ಮಧ್ಯಮ ಹಂತ’ಕ್ಕೂ ಇದಕ್ಕೂ ಸಂಬಂಧ ಇಲ್ಲ. ಥಂಬ್‌ನೇಲ್ ಚೆನ್ನಾಗಿದೆ ಅಂತ ಸುಮ್ನೆ ಕ್ಲಿಕ್ ಮಾಡಿ ಮಾಡಲು ಹೊರಟರೆ ಸೊಂಟ ಹಿಡಿದುಕೊಳ್ಳುವುದು ಖಾತ್ರಿ.

ಏನನ್ನು ನೋಡಿ ಆರಿಸಬೇಕು?

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು, ಆ ವಿಡಿಯೊವನ್ನು ನೋಡದೆ ಮಾಡಲು ಆಗುತ್ತದೆಯೇ ಎಂಬುದು. ವಿಚಿತ್ರ ಅನ್ನಿಸಬಹುದು. ಆದರೆ ಯೋಚಿಸಿ. ಅಧೋಮುಖ ಶ್ವಾನಾಸನದಲ್ಲಿ ತಲೆ ಕೆಳಗಿರುತ್ತದೆ, ಟಿವಿ ತಲೆಕೆಳಗಾಗಿ ಕಾಣುತ್ತದೆ. ಪಾರ್ಶ್ವಕೋನಾಸನದಲ್ಲಿ ಮುಖ ಚಾವಣಿಯ ಕಡೆಗೆ. ಸರ್ವಾಂಗಾಸನ, ಹಲಾಸನದಲ್ಲಂತೂ ಮೈಭಾರವೆಲ್ಲ ಭುಜ, ಕುತ್ತಿಗೆಯ ಮೇಲೆ ಬಂದಿರುತ್ತದೆ. ಆಗ ಸ್ಕ್ರೀನ್ ನೋಡೋಣ ಅಂತ ಕುತ್ತಿಗೆ ತಿರುಗಿಸುವುದು ಅಪಾಯ. ಹೊಸಬರ ಆಸನಗಳಲ್ಲಿ ಮುಖ ಹೆಚ್ಚಾಗಿ ಎದುರಿಗೇ ಇರುತ್ತದೆ, ನೋಡಿಕೊಂಡೇ ಮಾಡಬಹುದು. ಮುಂದಿನ ಹಂತಕ್ಕೆ ಹೋದಷ್ಟೂ ಕಣ್ಣಿನ ಕೆಲಸ ಕಡಿಮೆ, ಕಿವಿಯ ಕೆಲಸ ಜಾಸ್ತಿ.

ಆದ್ದರಿಂದ ಯಾವ ವಿಡಿಯೊ ಆದರೂ ಮೊದಲು ಒಂದು ಪರೀಕ್ಷೆ ಮಾಡಿ. ಹತ್ತು ನಿಮಿಷ ಗೋಡೆಗೆ ಮುಖ ಮಾಡಿ, ಬರೀ ದನಿ ಕೇಳಿಕೊಂಡು ಮಾಡಿ. ಪದೇಪದೇ ತಿರುಗಿ ನೋಡಬೇಕಾಗಿ ಬಂದರೆ ಅದು ನಿಮಗಲ್ಲ. ಒಳ್ಳೆಯ ಶಿಕ್ಷಕರು “ಈಗ ಹೀಗೆ ಮಾಡಿ” ಅನ್ನುವುದಿಲ್ಲ. “ಬಲಗಾಲನ್ನು ಕೈಗಳ ನಡುವೆ ತನ್ನಿ, ಎಡ ಹಿಮ್ಮಡಿ ನೆಲಕ್ಕೆ ಒತ್ತಿ, ಉಸಿರು ತೆಗೆದುಕೊಳ್ಳುತ್ತ ಏಳಿ” ಎನ್ನುತ್ತಾರೆ. ಯಾವ ಕಾಲು, ಎಲ್ಲಿಗೆ, ಯಾವ ಉಸಿರಿನಲ್ಲಿ, ಮೂರೂ ಸಿಗುತ್ತದೆ. ಎಡಬಲದ ಗೊಂದಲವನ್ನೂ ಇದರಲ್ಲೇ ಸೇರಿಸಿಕೊಳ್ಳಿ. ಕೆಲವರು ಕನ್ನಡಿಯ ಹಾಗೆ, ನಿಮಗೆ ಬಲ ಎಂದು ಹೇಳಿ ತಮ್ಮ ಎಡಗಾಲು ತೋರಿಸುತ್ತಾರೆ. ಕೆಲವರು ತಮ್ಮದೇ ಬಲವನ್ನು ತೋರಿಸುತ್ತಾರೆ. ಎರಡೂ ಸರಿಯೇ, ಆದರೆ ಬೆಳಿಗ್ಗೆ ಆರಕ್ಕೆ ಎರಡನ್ನೂ ಬೆರೆಸಿಕೊಳ್ಳಬಾರದು.

ಎರಡನೆಯದು, ನಿಮ್ಮನ್ನು ಯಾರು ನೋಡುತ್ತಾರೆ? ಭುಜ ಮೊಣಕೈಗಿಂತ ಕೆಳಗೆ ಇಳಿದುಹೋಗಿದೆ, ವೀರಭದ್ರಾಸನದಲ್ಲಿ ಮಂಡಿ ಒಳಗೆ ವಾಲಿದೆ, ಇವೆಲ್ಲ ಮಾಡುವವರಿಗೆ ಗೊತ್ತೇ ಆಗುವುದಿಲ್ಲ. ಮೂರನೆಯದು ಕ್ರಮ: ಇವತ್ತಿನ ಪಾಠಕ್ಕೂ ಮುಂದಿನ ವಾರದ ಪಾಠಕ್ಕೂ ಏನಾದರೂ ನಂಟು ಇದೆಯೇ? ಆಮೇಲೆ ಸಮಯ, ಜಾಗ, ದುಡ್ಡು. ಈ ಮೂರು ನಿಮ್ಮ ಮನೆ ನೋಡಿ ನೀವೇ ತೀರ್ಮಾನಿಸಬೇಕಾದವು.

ಯೂಟ್ಯೂಬ್

ಬಿಟ್ಟಿ ಸಿಗುತ್ತದೆ, ಎಲ್ಲ ಬಗೆಯದೂ ಸಿಗುತ್ತದೆ. ಅದೇ ಅದರ ತೊಂದರೆ ಕೂಡ. ನಮಗೆ ಯಾವುದು ಸುಲಭವೋ ಅದನ್ನೇ ಆರಿಸಿಕೊಳ್ಳುತ್ತೇವೆ. ಮುಂದಕ್ಕೆ ಬಾಗುವುದು ಬರುವವರು ಅದನ್ನೇ ಹುಡುಕುತ್ತಾರೆ. ಹಿಂದಕ್ಕೆ ಬಾಗುವುದು ಕಷ್ಟವಾದವರ ಪ್ಲೇಲಿಸ್ಟ್‌ನಲ್ಲಿ ಆರು ತಿಂಗಳಾದರೂ ಒಂದು ಉಷ್ಟ್ರಾಸನ ಇರುವುದಿಲ್ಲ. ಕ್ರಮ ಎಂಬ ಅಂಶದಲ್ಲಿ ಯೂಟ್ಯೂಬ್ ಸೋಲುವುದು ಇಲ್ಲೇ.

ಜಾಹೀರಾತಿನ ಕಾಟವನ್ನು ಹೇಳದೇ ಇದ್ದರೆ ಹೇಗೆ? ಶವಾಸನದಲ್ಲಿ ಮೈಯೆಲ್ಲ ಸಡಿಲವಾಗಿ, ಕಣ್ಣು ಮುಚ್ಚಿ, ಇನ್ನೇನು ಮನಸ್ಸು ನಿಂತಿತು ಅನ್ನುವಾಗ ಬಟ್ಟೆ ಸೋಪಿನವರು ಕೂಗಿಕೊಂಡು ಬರುತ್ತಾರೆ. ಪ್ರೀಮಿಯಂ ತೆಗೆದುಕೊಂಡರೆ ಈ ಕಾಟ ತಪ್ಪುತ್ತದೆ, ಡೌನ್‌ಲೋಡ್ ಮಾಡಿಟ್ಟುಕೊಳ್ಳಲೂ ಆಗುತ್ತದೆ. ಅದು ಬೇಡ ಅನ್ನುವವರು ಶವಾಸನಕ್ಕೆ ಮೊದಲೇ ವಿಡಿಯೊ ನಿಲ್ಲಿಸಿ ಫೋನಿನಲ್ಲಿ ಟೈಮರ್ ಇಟ್ಟುಕೊಳ್ಳಿ. ಬಹಳಷ್ಟು ವಿಡಿಯೊಗಳಲ್ಲಿ ಶವಾಸನ ಒಂದೆರಡು ನಿಮಿಷಕ್ಕೇ ಮುಗಿಯುತ್ತದೆ, ಐದಾದರೂ ಬೇಕು. ಹಾಗೆ ನೋಡಿದರೆ ಟೈಮರೇ ಮೇಲು.

ಏನು ನೋಡಬಹುದು? ಅಮೆರಿಕದ ‘ಯೋಗ ವಿತ್ ಏಡ್ರಿಯನ್’ 2012ರಿಂದ ನಡೆಯುತ್ತಿದೆ. ಪ್ರತಿ ಜನವರಿ ಮೂವತ್ತು ದಿನದ ಸರಣಿ ಬರುತ್ತದೆ. ದನಿಯಲ್ಲೇ ಹಿಡಿದುಕೊಂಡು ಮಾಡಲು ಚೆನ್ನಾಗಿದೆ. ಆದರೆ ಹೆಚ್ಚಿನ ಪಾಠಗಳು ಶುರುವಿಗೂ ಮಧ್ಯಕ್ಕೂ ನಡುವಿನವು, ಮಾತೂ ಸ್ವಲ್ಪ ಜಾಸ್ತಿ. ಆಯುಷ್ ಸಚಿವಾಲಯದ ‘ಕಾಮನ್ ಯೋಗ ಪ್ರೊಟೊಕಾಲ್’ 45 ನಿಮಿಷದ್ದು, ಜೂನ್ 21ಕ್ಕೆ ಎಲ್ಲ ಕಡೆ ಮಾಡಿಸುವುದು ಅದನ್ನೇ. ದಣಿದ ದಿನಕ್ಕೆ ಸಾಕು, ಎರಡನೇ ಹಂತಕ್ಕೆ ಸಾಲದು. ಮುಂಬೈ ಸಾಂತಾಕ್ರೂಜ್‌ನ ‘ದಿ ಯೋಗ ಇನ್‌ಸ್ಟಿಟ್ಯೂಟ್’ನ ಹಂಸಾ ಯೋಗೇಂದ್ರ ಅವರ ಮಾತುಗಳನ್ನು ದಿನಚರಿ, ಉಸಿರಾಟ, ಊಟ ಇಂಥ ವಿಷಯಕ್ಕೆ ಕೇಳಿ. ಕನ್ನಡದಲ್ಲಿ ಹೊಸಬರಿಗೆ ಬೇಕಾದಷ್ಟು ಇದೆ. ಮುಂದಿನ ಹಂತಕ್ಕೆ, ಅದೂ ಗಂಟೆಯ ಪೂರ್ತಿ ಪಾಠವಾಗಿ, ಹುಡುಕಾಡಬೇಕು. ಆಸನದ ಹೆಸರು ಯಾವ ಭಾಷೆಯವರು ಹೇಳಿದರೂ ನಮಗೆ ತಿಳಿಯುತ್ತದೆ ಅಲ್ವಾ, ಹಾಗಾಗಿ ಹಿಂದಿ, ಮರಾಠಿ ವಿಡಿಯೊಗಳನ್ನು ಬಿಡಬೇಡಿ.

ಡೊಂಬಿವಲಿಯವರಿಗೆ ನಾನು ಹೇಳುವುದು ಇಷ್ಟೇ. ಒಂದು ಭಾನುವಾರ ಕೂತು ಮೂರು ವಿಡಿಯೊ ಆರಿಸಿ. ನಿಂತು ಮಾಡುವ ಆಸನಗಳದ್ದು ಒಂದು, ಸೊಂಟ ಮತ್ತು ಬೆನ್ನಿನದ್ದು ಒಂದು, ನಿಧಾನದ್ದು, ಪ್ರಾಣಾಯಾಮ ಇರುವಂಥದ್ದು ಒಂದು. ಆರು ವಾರ ಈ ಮೂರೇ. ಮೂರನೇ ವಾರಕ್ಕೆ ಬೇಜಾರು ಬರುತ್ತದೆ. ಆದರೆ ಮುಂದೇನು ಬರುತ್ತದೆ ಎಂಬುದು ಬಾಯಿಪಾಠ ಆಗಿ, ಗಮನ ಉಸಿರಿನ ಕಡೆ ಹೋಗುವುದೂ ಆಗಲೇ. ಆಟೋಪ್ಲೇ ಮಾತ್ರ ಆಫ್ ಮಾಡಿಡಿ.

ಆ್ಯಪ್‌ಗಳು

ಇವುಗಳಲ್ಲಿ ಉದಾಹರಣೆಗೆ ‘ಡೌನ್ ಡಾಗ್’ ತೆಗೆದುಕೊಳ್ಳಿ. ಎಷ್ಟು ನಿಮಿಷ, ಯಾವ ಶೈಲಿ, ಯಾವ ಹಂತ, ಯಾರ ದನಿ, ಸಂಗೀತ ಬೇಕೋ ಬೇಡವೋ ಎಲ್ಲ ನೀವೇ ಹೇಳುತ್ತೀರಿ. ಅದು ಪ್ರತಿ ಸಲ ಹೊಸ ಪಾಠ ಕಟ್ಟಿಕೊಡುತ್ತದೆ. ಇಂಟರ್‌ಮೀಡಿಯೆಟ್‌ನಲ್ಲೇ ಎರಡು ಮೆಟ್ಟಿಲಿದೆ, ಒಂದರಿಂದ ಇನ್ನೊಂದಕ್ಕೆ ಹತ್ತಬಹುದು. ಸಮಯದ ವಿಷಯದಲ್ಲಿ ಇದನ್ನು ಮೀರಿಸುವುದು ಕಷ್ಟ. 7.40ರ ಫಾಸ್ಟ್ ಲೋಕಲ್ ಹಿಡಿಯಬೇಕು, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಮುಗಿದಿರಬೇಕು ಅನ್ನುವವರಿಗೆ 25 ನಿಮಿಷ ಎಂದರೆ ಸರಿಯಾಗಿ 25 ನಿಮಿಷ. ಶವಾಸನದ ಹೊತ್ತು ಕೂಡ ಅದರಲ್ಲೇ ಸೇರಿರುತ್ತದೆ. ಜಾಹೀರಾತಿಲ್ಲ.

ಆದರೆ ದಿನಾ ಹೊಸ ಪಾಠ ಅನ್ನುವುದೇ ಇದರ ಮಿತಿ. ಬೇಜಾರಾಗುವುದಿಲ್ಲ, ನಿಜ. ಒಂದು ಆಸನ ಮಾತ್ರ ಪಳಗುವುದಿಲ್ಲ. ಬಕಾಸನ ಇವತ್ತು ಬಂತು, ಮತ್ತೆ ಯಾವಾಗ ಬರುತ್ತದೋ. ಸೂಚನೆಯೂ ಚುಟುಕು, ಹೆಸರು ಹೇಳಿ ಒಂದೆರಡು ಮಾತು, ಅಷ್ಟೇ. ಭುಜ ಎಲ್ಲಿ, ಪಕ್ಕೆಲುಬು ಎಲ್ಲಿ ಎಂಬ ವಿವರ ಬೇಕಾದವರಿಗೆ ಸಾಲದು. ನಿಮ್ಮನ್ನು ನೋಡುವ ಕಣ್ಣಂತೂ ಇಲ್ಲವೇ ಇಲ್ಲ.

ಹಿಂಜವಡಿಯ ಹುಡುಗನಿಗೆ ಇದು ಹೊಂದುತ್ತದೆ ಎಂದೇ ನನ್ನ ಅಭಿಪ್ರಾಯ. ಶಿಫ್ಟ್ ಬದಲಾಗುತ್ತ ಇರುತ್ತದೆ, ರೂಮ್‌ಮೇಟ್ ಮಲಗಿರುತ್ತಾನೆ, ಇಯರ್‌ಫೋನ್ ಹಾಕಿಕೊಂಡು ಸದ್ದಿಲ್ಲದೆ ಮಾಡಬೇಕು. ಜಿಗಿತ ಬೇಡ, ಕಾಲನ್ನು ಹಿಂದಕ್ಕೆ ಇಟ್ಟರೆ ಸಾಕು. ಕೆಳಮನೆಯವರು ಬೆಳಿಗ್ಗೆ ಐದೂವರೆಗೆ ಬಂದು ಬಾಗಿಲು ಬಡಿಯುವುದಿಲ್ಲ. ಒಂದೇ ಷರತ್ತು: ವಾರಕ್ಕೊಂದು ದಿನ ಆ್ಯಪ್ ಬಿಟ್ಟು, ಒಂದೇ ಕಷ್ಟದ ಆಸನವನ್ನು ಬಿಡಿಸಿ ಹೇಳುವ ಯೂಟ್ಯೂಬ್ ವಿಡಿಯೊ ನೋಡಿ ಅದನ್ನೇ ಅಭ್ಯಾಸ ಮಾಡಲಿ.

ಲೈವ್ ಕ್ಲಾಸ್

ಲೈವ್ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆ ಇದೆ. ನೂರಾರು ಜನ ಒಟ್ಟಿಗೆ ಸೇರುವುದು ಒಂದು. ಅಲ್ಲಿ ಶಿಕ್ಷಕರಿಗೆ ನೀವು ಕಾಣುವುದೇ ಇಲ್ಲ. ಅದು ಗಡಿಯಾರ ಕಟ್ಟಿದ ಯೂಟ್ಯೂಬ್. ಆರು ಗಂಟೆಗೆ ಏಳಲು ನೆಪ ಬೇಕು ಅನ್ನುವವರಿಗೆ ಅಷ್ಟೇ ಉಪಯೋಗ, ಅದೇನು ಸಣ್ಣ ಉಪಯೋಗವಲ್ಲ. ಇನ್ನೊಂದು, ಎಂಟು ಹತ್ತು ಜನರ ಸಣ್ಣ ಗುಂಪು. ಇಲ್ಲಿ ಶಿಕ್ಷಕರು ತಾವು ಮಾಡಿ ತೋರಿಸುವುದು ಕಡಿಮೆ, ಕೂತು ನೋಡುವುದು ಜಾಸ್ತಿ. ಸೇರುವ ಮೊದಲು ಕೇಳಿ: ಗುಂಪಿನಲ್ಲಿ ಎಷ್ಟು ಜನ? ಕ್ಯಾಮೆರಾ ಆನ್ ಇರಲೇಬೇಕಾ? ಹೆಸರು ಹಿಡಿದು ತಿದ್ದುತ್ತೀರಾ? ಮಂಡಿ ನೋವಿದ್ದರೆ ಬದಲಿ ಆಸನ ಹೇಳುತ್ತೀರಾ? ಕ್ಯಾಮೆರಾ ಬೇಡ ಅನ್ನುವವರಿಗೆ ಸಣ್ಣ ಗುಂಪಿನ ಫೀಸು ಕೊಡುವುದರಲ್ಲಿ ಅರ್ಥ ಇಲ್ಲ.

ಜಾಗದ ಸಮಸ್ಯೆ ಇಲ್ಲಿ ಜಾಸ್ತಿ. ಶಿಕ್ಷಕರಿಗೆ ಮ್ಯಾಟ್ ಪೂರ್ತಿ, ಅದೂ ಪಕ್ಕದಿಂದ ಕಾಣಬೇಕಾದರೆ ಫೋನು ಆರೇಳು ಅಡಿ ದೂರ ಇರಬೇಕು. ಮುಂಬೈಯ ಒಂದು ಬಿಎಚ್‌ಕೆಯಲ್ಲಿ ಆರೇಳು ಅಡಿ ಎಂದರೆ ಹಾಲ್ ಮುಗಿದು ಅಡುಗೆಮನೆ ಶುರುವಾಗಿರುತ್ತದೆ! ಮುಲುಂಡಿನ ನಮ್ಮ ಮನೆಯಲ್ಲಿ ಮ್ಯಾಟನ್ನು ಓರೆಯಾಗಿ ಹಾಕಿ, ಅಡುಗೆಮನೆ ಬಾಗಿಲಲ್ಲಿ ಸ್ಟೂಲಿನ ಮೇಲೆ ಫೋನು ಇಡುತ್ತೇವೆ. ಹಿಂದೆ ಕುಕ್ಕರ್ ಕೂಗಿದರೆ ಮ್ಯೂಟ್ ಒತ್ತಬೇಕು. ಮಳೆಗಾಲದಲ್ಲಿ ಕರೆಂಟು, ನೆಟ್ ಕೈಕೊಟ್ಟರೆ ಆ ಕ್ಲಾಸು ಹೋಯಿತು. ರೆಕಾರ್ಡಿಂಗ್ ಕೊಡುತ್ತಾರಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ರೆಕಾರ್ಡ್ ಮಾಡಿದ ಕೋರ್ಸುಗಳೂ ಇವೆ. ಒಮ್ಮೆ ದುಡ್ಡು ಕೊಟ್ಟರೆ ವಾರದ ಲೆಕ್ಕದಲ್ಲಿ ಪಾಠ ಸಿಗುತ್ತದೆ. ಕ್ರಮದ ವಿಷಯದಲ್ಲಿ ಇದೇ ಮುಂದೆ. ಶುರು ಮಾಡಿದ್ದನ್ನು ಮುಗಿಸುವ ಸ್ವಭಾವ ಇದ್ದರೆ ತೆಗೆದುಕೊಳ್ಳಿ. ಎಷ್ಟು ತಿಂಗಳು ನೋಡಬಹುದು ಎಂಬುದನ್ನು ಮಾತ್ರ ಗಮನಿಸಿ.

ಯಾವ ಶೈಲಿ ವಿಡಿಯೊಗೆ ಒಗ್ಗುತ್ತದೆ?

ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಹತ್ತಿರ ಕಲಿತ ಇಬ್ಬರು ಎರಡು ದಾರಿ ಹಿಡಿದರು. ಹಾಸನದ ಹತ್ತಿರದ ಕೌಶಿಕದ ಪಟ್ಟಾಭಿ ಜೋಯಿಸರು ಮೈಸೂರಿನಲ್ಲೇ ಉಳಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು 1937ರಲ್ಲಿ ಪುಣೆಗೆ ಬಂದು ಇಲ್ಲಿಯವರೇ ಆದರು. ಇಬ್ಬರ ಪದ್ಧತಿಯೂ ವಿಡಿಯೊದಲ್ಲಿ ಸಿಗುತ್ತದೆ. ಮನೆಯಲ್ಲಿ ಮಾಡುವವರಿಗೆ ಎರಡೂ ಬೇರೆ ಬೇರೆ ರೀತಿ ದಕ್ಕುತ್ತವೆ.

ಅಷ್ಟಾಂಗದಲ್ಲಿ ದಿನವೂ ಅದೇ ಸರಣಿ, ಬಹುತೇಕ ಆಸನಗಳಿಗೆ ಐದೈದು ಉಸಿರು, “ಏಕಂ, ದ್ವೇ, ತ್ರೀಣಿ” ಎಂಬ ಎಣಿಕೆ. ಒಮ್ಮೆ ಬಾಯಿಪಾಠ ಆದರೆ ವಿಡಿಯೊವೇ ಬೇಡ, ಬರೀ ಎಣಿಕೆಯ ಆಡಿಯೊ ಸಾಕು. ಕಿವಿಯ ಪರೀಕ್ಷೆಯಲ್ಲಿ ಇದಕ್ಕೇ ಮೊದಲ ಸ್ಥಾನ. ಆದರೆ ಮೊದಲ ಸರಣಿ ಪೂರ್ತಿ ಮಾಡಲು ಸುಮಾರು ಒಂದೂವರೆ ಗಂಟೆ ಬೇಕು. ಚತುರಂಗ ಎಷ್ಟೋ ಸಲ ಬರುತ್ತದೆ, ಮಣಿಕಟ್ಟು, ಭುಜ ಗಟ್ಟಿ ಇರಬೇಕು. ಪದ್ಮಾಸನದ ಬಗೆಗಳೂ ತುಂಬ. ಸೊಂಟದ ಕೀಲು ತಿರುಗದಿದ್ದರೆ ಆ ತಿರುಚು ಮಂಡಿಗೆ ಬೀಳುತ್ತದೆ. ಮಂಡಿ ನೋವಿರುವವರು ಇದನ್ನು ವಿಡಿಯೊ ನೋಡಿ ಶುರು ಮಾಡಬಾರದು.

ಅಯ್ಯಂಗಾರ್ ಪದ್ಧತಿಯಲ್ಲಿ ಆಸನ ಕಡಿಮೆ, ನಿಲ್ಲುವ ಹೊತ್ತು ಜಾಸ್ತಿ. ಇಟ್ಟಿಗೆಯಂಥ ಬ್ಲಾಕ್, ಬೆಲ್ಟು, ಮಡಚಿದ ಕಂಬಳಿ, ಕುರ್ಚಿ ಎಲ್ಲ ಬಳಕೆಗೆ ಬರುತ್ತವೆ. ಸೂಚನೆ ಉದ್ದ, ವಿವರ ಅಪಾರ. ಕಿವಿಗೆ ಸಾಕಷ್ಟು ಸಿಗುತ್ತದೆ. ವಯಸ್ಸಾದವರಿಗೆ, ನೋವಿರುವವರಿಗೆ ಇದೇ ಮೇಲು. ಬೆವರು ಹರಿಯಬೇಕು, ತೂಕ ಇಳಿಯಬೇಕು ಅಂತ ಬಂದವರಿಗೆ ಮಾತ್ರ ಎರಡನೇ ದಿನಕ್ಕೇ ತಾಳ್ಮೆ ತಪ್ಪುತ್ತದೆ. ಸಾಮಾನಿಗೆ ಜಾಸ್ತಿ ಖರ್ಚು ಮಾಡಬೇಕಿಲ್ಲ. ಬೆಲ್ಟಿಗೆ ಹಳೆಯ ಪಂಚೆ ಅಥವಾ ದುಪಟ್ಟ ನಡೆಯುತ್ತದೆ. ಸರ್ವಾಂಗಾಸನದಲ್ಲಿ ಭುಜದ ಕೆಳಗೆ ಮೂರು ನಾಲ್ಕು ಕಂಬಳಿ ಮಡಚಿ ಇಡಬೇಕು, ತಲೆ ನೆಲದ ಮೇಲೆ ಇರಬೇಕು. ಬ್ಲಾಕ್ ಒಂದನ್ನು ಮಾತ್ರ ಕೊಂಡುಕೊಳ್ಳಿ.

ವಿನ್ಯಾಸ ಫ್ಲೋ, ಪವರ್ ಯೋಗ ಅನ್ನುವವು ಅಷ್ಟಾಂಗದ ಓಟವನ್ನು ಇಟ್ಟುಕೊಂಡು ಕ್ರಮವನ್ನು ಸಡಿಲ ಮಾಡಿದವು. ವರ್ಕೌಟ್ ಬೇಕು ಅನ್ನುವವರಿಗೆ ಇದು ಸರಿ. ಇಲ್ಲಿ ಶಿಕ್ಷಕರ ದನಿ ಚೆನ್ನಾಗಿಲ್ಲದಿದ್ದರೆ ಕೆಟ್ಟಂತೆಯೇ, ಏಕೆಂದರೆ ಓಟ ಜೋರು, ನೋಡುವಷ್ಟರಲ್ಲಿ ಅವರು ಮುಂದಿನ ಆಸನದಲ್ಲಿರುತ್ತಾರೆ.

ತಿದ್ದುವ ಕಣ್ಣು ಎಲ್ಲಿಂದ ತರುವುದು?

ಖರ್ಚಿಲ್ಲದ ದಾರಿ ಎಂದರೆ ನಿಮ್ಮ ಫೋನೇ. ವಾರಕ್ಕೊಮ್ಮೆ ಪಕ್ಕದಿಂದ ಹತ್ತು ನಿಮಿಷ ರೆಕಾರ್ಡ್ ಮಾಡಿ, ಆಮೇಲೆ ಕೂತು ನೋಡಿ. ಚತುರಂಗದ ಭುಜ, ಅಧೋಮುಖ ಶ್ವಾನಾಸನದಲ್ಲಿ ಬೆನ್ನು ಗೂನಾಗಿದೆಯಾ, ವೀರಭದ್ರಾಸನದ ಮಂಡಿ ಪಾದದ ಕಡೆಗೇ ಇದೆಯಾ, ಈ ಮೂರನ್ನೇ ನೋಡಿದರೂ ಬೇಕಾದಷ್ಟು ಸಿಗುತ್ತದೆ.

ಇನ್ನೊಂದು ದಾರಿ, ತಿಂಗಳಿಗೊಮ್ಮೆ ಯಾರಾದರೂ ಶಿಕ್ಷಕರ ಎದುರು ಮಾಡುವುದು. ಈ ವಿಷಯದಲ್ಲಿ ಮುಂಬೈ, ಪುಣೆಯವರು ಪುಣ್ಯವಂತರು. ಸಾಂತಾಕ್ರೂಜ್‌ನ ಸಂಸ್ಥೆ 1918ರದ್ದು. ಲೋಣಾವಳದ ಕೈವಲ್ಯಧಾಮ ಸ್ವಾಮಿ ಕುವಲಯಾನಂದರು 1924ರಲ್ಲಿ ಕಟ್ಟಿದ್ದು, ಮರೀನ್ ಡ್ರೈವ್‌ನಲ್ಲೂ ಅದರ ಕೇಂದ್ರ ಇದೆ. ಅಯ್ಯಂಗಾರರು ತಮ್ಮ ಪತ್ನಿ ರಮಾಮಣಿಯವರ ನೆನಪಿನಲ್ಲಿ ಕಟ್ಟಿದ ಸಂಸ್ಥೆ 1975ರಿಂದ ಪುಣೆಯ ಶಿವಾಜಿನಗರದ ಮಾಡೆಲ್ ಕಾಲೊನಿಯಲ್ಲಿದೆ. ಅಷ್ಟು ದೂರ ಬೇಡ ಅಂದರೆ ನಿಮ್ಮ ಸೊಸೈಟಿಯ ಹಾಲ್‌ನಲ್ಲೋ, ಹತ್ತಿರದ ಕನ್ನಡ ಸಂಘದಲ್ಲೋ ವಿಚಾರಿಸಿ. ಗೋವಾದಲ್ಲಿ ಅಸ್ಸಗಾಂವ್, ಮಾಂದ್ರೆ, ಅರಂಬೋಲ್ ಕಡೆ ಚಳಿಗಾಲದ ಪ್ರವಾಸಿ ಸೀಸನ್ನಿನಲ್ಲಿ ಕ್ಲಾಸುಗಳು ಬೇಕಾದಷ್ಟು, ದರವೂ ಪ್ರವಾಸಿಗರ ದರ. ಮಳೆಗಾಲದಲ್ಲಿ ಹಲವು ಬಾಗಿಲು ಹಾಕಿರುತ್ತವೆ.

ವಾಸ್ಕೊದ ಅಕ್ಕನಿಗೆ ನನ್ನ ಸಲಹೆ: ಮೊದಲು ಮೂಳೆ ಡಾಕ್ಟರಿಗೆ ಮಂಡಿ ತೋರಿಸಿ. ಆಮೇಲೆ ಅಯ್ಯಂಗಾರ್ ಪದ್ಧತಿಯ ಸಣ್ಣ ಲೈವ್ ಗುಂಪು ಸೇರಿ. ಹೌದು, ಮೂರು ಆಯ್ಕೆಗಳಲ್ಲಿ ಇದಕ್ಕೇ ಖರ್ಚು ಜಾಸ್ತಿ. ಮೂರು ತಿಂಗಳು ಸಾಕು. ನಿಮ್ಮ ಮೈಗೆ ಯಾವ ಬದಲಿ ಬೇಕು ಎಂದು ತಿಳಿದ ಮೇಲೆ ಯೂಟ್ಯೂಬ್‌ಗೆ ಬರಬಹುದು.

ಯಾರೇ ಆಗಲಿ, ಶೀರ್ಷಾಸನ, ಕಪೋತಾಸನ, ನಿಂತಲ್ಲಿಂದ ಹಿಂದಕ್ಕೆ ಬಾಗಿ ಚಕ್ರಾಸನಕ್ಕೆ ಇಳಿಯುವುದು, ಉಸಿರು ಬಿಗಿಹಿಡಿಯುವ ಪ್ರಾಣಾಯಾಮ, ಇವನ್ನು ಮೊದಲ ಸಲ ವಿಡಿಯೊದಿಂದ ಕಲಿಯಬೇಡಿ. ಬಿಪಿ, ಗ್ಲಾಕೋಮಾ, ಕುತ್ತಿಗೆಯ ಡಿಸ್ಕ್ ತೊಂದರೆ ಇರುವವರು ತಲೆಕೆಳಗಿನ ಆಸನಗಳನ್ನೇ ಬಿಟ್ಟುಬಿಡಿ, ಡಾಕ್ಟರು ಒಪ್ಪಿದರೆ ಮಾತ್ರ ಮಾತು. ಬಸುರಿಯರಿಗೆ ಈ ಬರಹ ಅನ್ವಯಿಸುವುದಿಲ್ಲ.

ಮ್ಯಾಟ್ ಮತ್ತು ಚಂದಾ

ನಮ್ಮ ಕರಾವಳಿ ಸೆಕೆಯಲ್ಲಿ ಅಗ್ಗದ ಫೋಮ್ ಮ್ಯಾಟು ಅಂಗೈ ಬೆವರಿಗೆ ಜಾರುತ್ತದೆ. ದಪ್ಪ ಜಾಸ್ತಿ ಇದ್ದರೆ ಮಂಡಿಗೆ ಹಿತ, ಒಂಟಿಕಾಲಿನ ಆಸನಕ್ಕೆ ತೊಂದರೆ. ನಾಲ್ಕರಿಂದ ಆರು ಮಿಲಿಮೀಟರ್ ಸಾಕು. ರಬ್ಬರಿನದು ಹಿಡಿತ ಚೆನ್ನಾಗಿದೆ, ಬೆಲೆ ಹಲವು ಪಟ್ಟು. ಬಿಸಿಲಿಗೆ ಹಾಕಿದರೆ ಹಾಳಾಗುತ್ತದೆ, ಜುಲೈನಲ್ಲಿ ಸುತ್ತಿಟ್ಟರೆ ವಾಸನೆ ಬರುತ್ತದೆ. ಒರೆಸಿ ಫ್ಯಾನಿನ ಕೆಳಗೆ ಹರಡಿ. ಈಗಿರುವ ಮ್ಯಾಟಿನ ಮೇಲೆ ಹತ್ತಿಯ ತೆಳು ಟವೆಲ್ ಹಾಸಿಕೊಂಡರೂ ಒಂದು ಮಳೆಗಾಲ ಕಳೆಯುತ್ತದೆ.

ಚಂದಾ ಕಟ್ಟುವವರು ಮೊದಲು ಒಂದೇ ತಿಂಗಳಿಗೆ ಕಟ್ಟಿ. ವರ್ಷದ ದರ ತಿಂಗಳ ಲೆಕ್ಕಕ್ಕೆ ಅಗ್ಗವಾಗಿ ಕಾಣುತ್ತದೆ, ಆದರೆ ಫೆಬ್ರವರಿಯಲ್ಲಿ ಬಿಟ್ಟುಬಿಟ್ಟರೆ ಅದೇ ದುಬಾರಿ. ಟ್ರಯಲ್ ತೆಗೆದುಕೊಂಡ ದಿನವೇ ಫೋನಿನ ಕ್ಯಾಲೆಂಡರಿನಲ್ಲಿ ಅದು ಮುಗಿಯುವ ಹಿಂದಿನ ದಿನಕ್ಕೆ ಅಲಾರಂ ಇಡಿ. ಬೇಡ ಅನ್ನಿಸಿದರೆ ಆ್ಯಪ್ ಅಳಿಸಿದರೆ ಸಾಲದು, ಪ್ಲೇ ಸ್ಟೋರಿಗೆ ಹೋಗಿ ಸಬ್‌ಸ್ಕ್ರಿಪ್ಷನ್ ರದ್ದು ಮಾಡಬೇಕು. ಯುಪಿಐ ಆಟೋಪೇ ಕೊಟ್ಟಿದ್ದರೆ ಅದನ್ನೂ ಒಮ್ಮೆ ನೋಡಿ.